ಸಾಯಬೇಕಾದ ಸಾಲು

“ಸಾಯಬೇಕಾದ್ದೇ ಸತ್ತಿಲ್ವಲ್ಲ!” ಎಂದರು ಕೃಷಿ ಇಂಜಿನಿಯರ್ ಸಾಲಾಸ್, ಬಿಳಿ ಹೂವಿನ ಸಾಲಿನ ಮುಂದೆ ನಿಂತು.

ವಾನುಕೋದ ಆ ಬೆಟ್ಟದ ಇಳಿಜಾರಿನಲ್ಲಿ ನೆಲಿದಾಳ ಹೊಲದಷ್ಟು ರೋಗ ಹಿಡಿದ ಮಣ್ಣು ಇನ್ನೊಂದಿರಲಿಲ್ಲ. ಆಲೂಗಡ್ಡೆ ಗಿಡ ಹಸಿರಾಗಿರುವಾಗಲೇ ಬಾಡಿ ಬೀಳುತ್ತಿತ್ತು. ಅಗೆದರೆ ಗಡ್ಡೆಯ ಕಣ್ಣಲ್ಲಿ ಕೀವು. ಹೊಸ ತಳಿಯ ಪರೀಕ್ಷೆಗೆ ಅವಳು ಹಠ ಹಿಡಿದು ಅದೇ ಹೊಲ ಕೊಟ್ಟಿದ್ದಳು. ಬಿಳಿ ಹೂವಿನದು ಊರಿನ ಹಳೆಯ ತಳಿ. ಅದು ಸತ್ತು, ಪಕ್ಕದ ನೇರಳೆ ಹೂವಿನ ಹೊಸದು ಬದುಕಿದರೆ ಮುಂದಿನ ಬಿತ್ತನೆಗೆ ಊರಿಗೆಲ್ಲ ಬೀಜ. ಈಗ ನೋಡಿದರೆ ಎರಡೂ ಪೈಪೋಟಿಗೆ ಬಿದ್ದಂತೆ ನಳನಳಿಸುತ್ತಿದ್ದವು.

“ಮಣ್ಣಲ್ಲಿ ರೋಗ ಇಲ್ಲ ಅಂತಾಯ್ತು. ಇದನ್ನ ಪರೀಕ್ಷೆ ಅಂತ ಯಾರೂ ಒಪ್ಪಲ್ಲ. ಮುಂದಿನ ವರ್ಷ ಬೇರೆ ಕಣಿವೇಲಿ ನೋಡ್ತೀವಿ.”

“ನನ್ನ ಮಣ್ಣಿಗೆ ರೋಗ ಇಲ್ವಾ?” ನೆಲಿದಾಳಿಗೆ ರೇಗಿಹೋಯಿತು. ಹೊಲಕ್ಕೆ ರೋಗವಿಲ್ಲ ಎಂದರೆ ಅವಮಾನವಾಗುವ ಹೆಂಗಸು ಲೋಕದಲ್ಲಿ ಅವಳೊಬ್ಬಳೇ ಇರಬೇಕು. “ನನ್ನ ಮಣ್ಣು ನಂಗೆ ಗೊತ್ತು. ಇದ್ರಲ್ಲಿ ಯಾರದೋ ಕೈವಾಡ ಇದೆ.”

ಬದುವಿನ ಮೇಲೆ ಕೋಕಾ ಎಲೆ ಅಗಿಯುತ್ತ ಕೂತಿದ್ದ ಅತ್ತೆ ಫೋರ್ತುನಾತಾ ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಳು. ಸೊಸೆಗೆ ಅಷ್ಟು ಸಾಕಾಯಿತು.

“ಅತ್ತೇ, ಏನ್ ಮಾಡಿದ್ರಿ?”

“ಏನ್ ಮಾಡ್ಲೇ? ಸಾಲೆಲ್ಲ ಹಲ್ಲು ಬಿದ್ದ ಬಾಯಿ ಥರ ಆಗಿತ್ತು. ದೊಡ್ಡ ಮನುಷ್ಯರು ಬಂದು, ಈ ಮನೆಯೋರಿಗೆ ಬೇಸಾಯ ಬರಲ್ಲ ಅಂದ್ರೆ ಯಾರ ಮಾನ ಹೋಗೋದು? ನೀನು ಏಳೋಕ್ ಮುಂಚೆ ಬಂದು, ಬಾಡಿದ್ದನ್ನ ಕಿತ್ತಾಕಿ, ಮೇಲಿನ ರೋಗ ಇಲ್ಲದ ತಂಪು ಹೊಲದಿಂದ ಬಿಳಿ ಹೂವಿನದೇ ಗಿಡ ಮಣ್ಣು ಸಮೇತ ತಂದು ನೆಡ್ತಿದ್ದೆ.”

ಸಾಲಾಸ್ ತಲೆಯ ಮೇಲೆ ಕೈ ಹೊತ್ತರು. ನೆಲಿದಾಳಿಗೆ ಅಳು ಬಂದಂತಾಯಿತು. ಆದರೆ ಮರುಗಳಿಗೆಯೇ ಕೇಳಿದಳು: “ನೇರಳೆ ಸಾಲಲ್ಲಿ ಎಷ್ಟು ನೆಟ್ರಿ?”

“ಅದ್ರಲ್ಲಿ ಯಾಕ್ ನೆಡ್ಲಿ?” ಮುದುಕಿಗೂ ಸಿಟ್ಟು ಬಂತು. “ಅದು ಒಂದು ದಿನಾನೂ ನನ್ನ ಕೈ ಕೇಳ್ಲಿಲ್ಲ.”

ಸಾಲಾಸ್ ತಲೆಯಿಂದ ಕೈ ತೆಗೆದರು.

ಕಿತ್ತದ್ದನ್ನೆಲ್ಲ ಮುದುಕಿ ಬೇಲಿಯ ಮೂಲೆಯ ಗುಂಡಿಗೆ ಹಾಕಿ ಕಲ್ಲು ಮುಚ್ಚಿದ್ದಳು. ಅದರಲ್ಲಿ ನೇರಳೆ ತಳಿಯ ಕೆಂಪು ಕಾಂಡ ಒಂದೂ ಇರಲಿಲ್ಲ. ಅಂದು ಬೆಳಿಗ್ಗೆ ಕಿತ್ತ ಗಿಡದ ಕಾಂಡವನ್ನು ಸಾಲಾಸ್ ಕತ್ತರಿಸಿ, ಒಂದು ಲೋಟ ನೀರಿನಲ್ಲಿ ತುದಿ ಮುಳುಗಿಸಿ ಹಿಡಿದರು. ಹಾಲಿನ ಎಳೆಯಂಥ ರೋಗದ ಲೋಳೆ ಮೆಲ್ಲಗೆ ಕೆಳಗಿಳಿಯಿತು. ಇನ್ನೊಂದು ಲೋಟದಲ್ಲಿ ನೇರಳೆ ಗಿಡದ ಕಾಂಡ. ಮೂವರೂ ಬಹಳ ಹೊತ್ತು ಕಣ್ಣು ನೆಟ್ಟು ಕೂತರು. ನೀರು ನೀರಾಗಿಯೇ ಇತ್ತು.

“ಈಗ ನೀವು ನೆಟ್ಟಿದ್ದನ್ನೆಲ್ಲ ನೀವೇ ಕೀಳಿ ಅತ್ತೆ. ಸಾಲು ಹೆಂಗಿತ್ತೋ ಹಂಗೇ ಕಾಣ್ಲಿ,” ಎಂದಳು ನೆಲಿದಾ.

“ನೋಡಿದೋರು ನಗ್ತಾರಲ್ಲೇ.”

“ನಗ್ಲಿ. ಬೀಜ ಇಸ್ಕೊಳ್ಳೋಕೆ ನಮ್ಮನೆಗೇ ಬರ್ಬೇಕು.”

ಫೋರ್ತುನಾತಾ ಗೊಣಗುತ್ತ ಒಂದೊಂದೇ ಗಿಡ ಕಿತ್ತಳು. ಬಿಳಿ ಹೂವಿನ ಸಾಲು ಬೋಳಾಯಿತು. ಕೊನೆಗೆ ಸೊಂಟ ಹಿಡಿದು ಏಳುವ ಮುನ್ನ, ಪಕ್ಕದ ನೇರಳೆ ಗಿಡದ ಬುಡಕ್ಕೆ ಒಂದು ಬೊಗಸೆ ಮಣ್ಣು ಏರಿಸಿದಳು. ಅದಕ್ಕೆ ಬೇಕಿರಲಿಲ್ಲ.