ಇಸ್ತ್ರಿ ಹೊಡೆದ ದನಿ

ಹೆಂಡತಿಯ ಆಲ್ಬಂ ಬಗ್ಗೆ ಬಂದ ಮೊದಲ ವಿಮರ್ಶೆಯನ್ನು ಓದಿ ರೆಕಾರ್ಡಿಸ್ಟ್ ಹಿಗ್ಗಿ ಹೀರೆಕಾಯಿಯಾದ. ಇನ್ನೊಮ್ಮೆ ಓದಿದಾಗ ಹಿಗ್ಗು ಸರ್ರನೆ ಇಳಿಯಿತು. 'ಈಚೆಗೆ ಬಂದ ಸೋಲ್ ಸಂಗೀತದ ಆಲ್ಬಂಗಳಲ್ಲಿ ಇಷ್ಟು ಆಳದ ವಿಷಾದ ಕೇಳಿರಲಿಲ್ಲ. ಒಂದೇ ಸೂರಿನಡಿ ಗಂಡನಿದ್ದೂ ಒಂಟಿಯಾದ ಹೆಣ್ಣಿನ ದನಿ ಇದು' ಎಂದು ಬರೆದಿದ್ದರು. ಆ ಗಂಡ ಯಾರು? ತಾನೇ ಅಲ್ಲವೇ?

ಹಾಡುಗಳನ್ನು ಬರೆದು ರಾಗ ಹಾಕಿದವಳು ಅವಳು. ಹಿಂದಿನ ಕೋಣೆಯ ಗೋಡೆಗಳಿಗೆಲ್ಲ ಕಂಬಳಿ ಹೊಡೆದು, ಕಿಟಕಿ ಮುಚ್ಚಿ, ಧ್ವನಿಮುದ್ರಣ ಮಾಡಿದವನು ಇವನು. ಸಾಲುಗಳ ಅರ್ಥಕ್ಕೆ ಇವನು ತಲೆ ಕೆಡಿಸಿಕೊಂಡಿರಲಿಲ್ಲ. ಎದೆ ಬಿಚ್ಚಿ ಹಾಡುವ ಸೋಲ್ ಶೈಲಿ ಅಂದಮೇಲೆ ದುಃಖ ಇರಲೇಬೇಕು, ಅಡುಗೆಗೆ ಉಪ್ಪಿದ್ದ ಹಾಗೆ ಎಂದುಕೊಂಡಿದ್ದ. ಅವನ ಗಮನವೆಲ್ಲ ಉಸಿರಿನ ಸದ್ದು, ಕುರ್ಚಿಯ ಕಿರಕಿರ, ಪಕ್ಕದ ಮನೆಯ ಪಂಪಿನ ಗೊರಗೊರದ ಮೇಲೆ.

ಅಷ್ಟರಲ್ಲಿ ನಾದಿನಿಯ ಫೋನು ಬಂತು.

"ಏನ್ ಭಾವ, ಅಕ್ಕನ್ನ ಅಷ್ಟೊಂದು ಗೋಳು ಹುಯ್ಕೊಂಡಿದ್ದೀರಂತೆ? ಪೇಪರಲ್ಲೇ ಬಂದುಬಿಟ್ಟಿದೆಯಲ್ಲ!"

"ನಾನೇನ್ ಮಾಡಿದೆ ತಾಯಿ? ಮೈಕ್ ಇಟ್ಟೆ, ಅಷ್ಟೇ."

ಅವಳು ಬಿದ್ದು ಬಿದ್ದು ನಕ್ಕಳು. ಇವನಿಗೆ ನಗು ಬರಲಿಲ್ಲ. ತಾನು ಕುಡಿಯುವವನಲ್ಲ, ಕೈ ಎತ್ತಿದವನಲ್ಲ, ಹೆಂಡತಿಯ ಹಾಡಿಗೆ ಅಡ್ಡ ಬಂದವನಂತೂ ಅಲ್ಲ. ನೇರವಾಗಿ ಕೇಳಿಯೇಬಿಡೋಣವೆಂದು ಅಡುಗೆಮನೆಗೆ ಹೋದ. ಅವಳು ಏನನ್ನೋ ಗುನುಗುತ್ತ ತಟ್ಟೆ ಒರೆಸುತ್ತಿದ್ದಳು. ದುಃಖದಲ್ಲಿರುವವಳಂತೆ ಕಾಣಲಿಲ್ಲ, ಸುಖವಾಗಿರುವವಳಂತೆಯೂ ಕಾಣಲಿಲ್ಲ. ಧೈರ್ಯ ಸಾಲದೆ, "ಆ ಡಬ್ಬಿ ಎಲ್ಲಿದೆ?" ಎಂದ.

"ಯಾವ ಡಬ್ಬಿ?"

ಅದು ಅವನಿಗೂ ಗೊತ್ತಿರಲಿಲ್ಲ. ಬಂದ ದಾರಿಗೆ ಸುಂಕವಿಲ್ಲದೆ ವಾಪಸಾದ.

ಎರಡನೆಯ ವಿಮರ್ಶಕ ಎಲ್ಲವನ್ನೂ ತಲೆಕೆಳಗು ಮಾಡಿದ. 'ಇದು ವಿಷಾದವಲ್ಲ, ವಿಷಾದದ ವೇಷ' ಎಂದು ಬರೆದ. ಸದ್ಯ, ಬದುಕಿದೆ ಎಂದು ರೆಕಾರ್ಡಿಸ್ಟ್ ನಿಟ್ಟುಸಿರು ಬಿಟ್ಟ. ಮರುಕ್ಷಣವೇ, ಹೆಂಡತಿಯನ್ನು ವೇಷಗಾತಿ ಎಂದವನನ್ನು ಮೆಚ್ಚಿಕೊಳ್ಳುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಅವಳು ನಿಜವಾಗಿ ನೊಂದಿದ್ದರೆ ತಾನು ಕೆಟ್ಟವನು, ನೋಯದಿದ್ದರೆ ಅವಳು ಸುಳ್ಳಿ. ಯಾವುದಾಗಲಿ ಎಂದು ಬೇಡಿಕೊಳ್ಳಬೇಕೋ ತಿಳಿಯದೆ ತಲೆ ಚಿಟ್ಟು ಹಿಡಿಯಿತು.

ಮೂರನೆಯವನು ನೇರವಾಗಿ ಇವನ ಬುಡಕ್ಕೇ ಬಂದ. 'ಗಾಯಕಿಯ ನೋವು ನಿಜ. ಆದರೆ ಧ್ವನಿಮುದ್ರಕರು ಅದಕ್ಕೆ ಇಸ್ತ್ರಿ ಹೊಡೆದು ಒಂದು ಸುಕ್ಕೂ ಉಳಿಯದಂತೆ ಮಾಡಿದ್ದಾರೆ.' ಇವನಿಗೆ ಮೈಯೆಲ್ಲ ಉರಿದುಹೋಯಿತು. ನನಗೇ ಕೆಲಸ ಕಲಿಸಲು ಬಂದನೇ? ಬೇಡವೆಂದು ಬಿಟ್ಟ ಟೇಕ್‌ಗಳನ್ನೂ ಅಳಿಸದೆ ಇಟ್ಟುಕೊಳ್ಳುವ ಅಭ್ಯಾಸ ಅವನದು. ಅವು ಎಷ್ಟು ಕೆಟ್ಟದಾಗಿದ್ದವೆಂದು ಕೇಳಿಸಿ ಆ ಮಹಾಶಯನ ಬಾಯಿ ಮುಚ್ಚಿಸುತ್ತೇನೆಂದು ಹೆಡ್‌ಫೋನ್ ಹಾಕಿಕೊಂಡು ಕೊನೆಯ ಹಾಡಿನ ಮೊದಲ ಟೇಕ್ ತೆರೆದ.

'ನೀನಿರುವ ಮನೆಯಲ್ಲೇ ನಿನ್ನ ದಾರಿ ಕಾಯುವೆ' ಎಂಬಲ್ಲಿ ಅವಳ ದನಿ ಒಡೆದು ನಿಂತುಹೋಯಿತು. ಆಮೇಲೆ ಅವನದೇ ಮಾತು ಕೇಳಿಸಿತು.

"ಗಂಟಲು ಕಟ್ತು ನೋಡು. ಒಂದ್ಸಲ ಕೆಮ್ಮಿ ಮತ್ತೆ ಹಾಡು."

ಅವಳು ಹೇಳಿದ ಹಾಗೆ ಕೆಮ್ಮಿದಳು. ಮುಂದಿನ ಟೇಕ್‌ನಲ್ಲೂ ದನಿ ಅದೇ ಸಾಲಿಗೆ ಒಡೆಯಿತು.

"ಮತ್ತೆ ಅದೇ ಜಾಗ! ಪಲ್ಲವಿ ಎಷ್ಟು ಚೆನ್ನಾಗಿ ಬಂದಿತ್ತು, ಹಾಳು ಮಾಡ್ಕೊಂಡೆ."

ಹೀಗೇ ಹಾಡಿಸಿ ಹಾಡಿಸಿ, ಕೊನೆಗೊಮ್ಮೆ ದನಿ ಎಲ್ಲೂ ಒಡೆಯದೆ ಬಂದಾಗ ಅವನು ಖುಷಿಯಿಂದ ಕೂಗಿದ್ದ. "ಆಹಾ, ಈಗ ಶುದ್ಧವಾಗಿದೆ!" ಆಲ್ಬಂನಲ್ಲಿ ಇದ್ದದ್ದು ಅದೇ. ಬೇರೆ ಹಾಡುಗಳನ್ನು ತೆರೆದು ನೋಡಿದ. ಅಲ್ಲೂ ಅದೇ ಕಥೆ.

ತಲೆಯೆತ್ತಿದರೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವನು ಹೆಡ್‌ಫೋನಿನ ವೈರು ಕಿತ್ತ. ಅವಳ ಒಡೆದ ದನಿ ಕೋಣೆಗೆಲ್ಲ ಕೇಳಿಸಿತು.

"ಇದು... ಅಳುನಾ?"

"ಮತ್ತಿನ್ನೇನು?"

"ನಂಗ್ಯಾಕೆ ಹೇಳ್ಲಿಲ್ಲ?"

ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಬಾಗಿಲಿಗೆ ಒರಗಿಕೊಂಡಳು.

"ಹೇಳ್ತಾನೇ ಇದ್ನಲ್ರೀ. ನೀವು ಕಣ್ಣು ಮುಚ್ಕೊಂಡು ಒಂದೊಂದು ಅಕ್ಷರಾನೂ ಕೇಳಿಸ್ಕೋತಿದ್ರಿ. ಮದುವೆ ಆದಾಗ್ನಿಂದ ನನ್ನ ಯಾವ ಮಾತನ್ನೂ ನೀವು ಅಷ್ಟು ಗಮನ ಇಟ್ಟು ಕೇಳಿದ್ದಿಲ್ಲ. ಅದಕ್ಕೇ, ಮತ್ತೆ ಹಾಡು ಅಂದಾಗೆಲ್ಲ ಹಾಡಿದ್ದು."