ಏಳನೆಯ ಅಧ್ಯಾಯದ ಮೂವರು

ಸೂಚಕ್ಕನಿಗೆ ಪುಸ್ತಕ ಓದುವ ಸುಖವೇ ಗೊತ್ತಿಲ್ಲ ಎಂದು ಅವಳ ಅತ್ತಿಗೆ ಆಗಾಗ ಕಿಚಾಯಿಸುವುದುಂಟು. ಮಾತು ಪೂರ್ತಿ ಸುಳ್ಳೇನಲ್ಲ. ಉಳಿದವರು ಮುಂದೇನಾಯಿತು ಎಂದು ಓದಿದರೆ, ಇವಳು ಯಾರ ಹೆಸರು ಯಾವ ಪುಟದಲ್ಲಿ ಬಂತು ಎಂದು ಓದುತ್ತಾಳೆ. ದಪ್ಪ ಪುಸ್ತಕಗಳ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಪಟ್ಟಿ ಇರುತ್ತದಲ್ಲ, ಹೆಸರು, ಮುಂದೆ ಪುಟದ ಸಂಖ್ಯೆ, ಅದಕ್ಕೆ ಸೂಚಿ ಎನ್ನುತ್ತಾರೆ. ಅದನ್ನು ತಯಾರಿಸುವುದು ಅವಳ ಕೆಲಸ. ಮೂವತ್ತೈದು ವರ್ಷದಿಂದ ಇದೊಂದನ್ನೇ ಮಾಡುತ್ತಿರುವುದರಿಂದ ಪ್ರೆಸ್ಸಿನವರು ಮೊದಲು ಸೂಚಿ ಅಕ್ಕ ಎಂದರು, ಆಮೇಲೆ ನಾಲಿಗೆ ಉಳಿಸಲು ಸೂಚಕ್ಕ ಎಂದರು. ಈಗ ಅರವತ್ತೆರಡರ ಅವಳನ್ನು ಪುಟ್ಟಿ ಎಂದು ಕರೆಯುವವನು ಅಣ್ಣ ಒಬ್ಬನೇ.

ಅಣ್ಣ ಚರಿತ್ರೆಯ ಮೇಷ್ಟ್ರು. ನಿವೃತ್ತನಾದರೂ ಮೇಷ್ಟ್ರುಗಿರಿ ಬಿಟ್ಟಿಲ್ಲ. ಊಟದ ಮೇಜಿನಲ್ಲಿ ಉಪ್ಪು ಕೇಳಿದರೂ ಉಪ್ಪು ಬಂದ ದಾರಿ ಹೇಳಿಯೇ ಕೊಡುವ ಆಸಾಮಿ. ಹನ್ನೊಂದು ಪುಸ್ತಕ ಬರೆದಿದ್ದಾನೆ, ಹನ್ನೊಂದಕ್ಕೂ ಸೂಚಿ ಮಾಡಿದವಳು ತಂಗಿ. ಹನ್ನೆರಡನೆಯದು ಅವರ ಊರಿನ ನೂರು ವರ್ಷದ ಚರಿತ್ರೆ. ಕೈ ನಡುಗುತ್ತದೆ, ಇದೇ ಕೊನೆಯದು ಎಂದು ಅವನೇ ಹೇಳಿದ್ದ. ಸೋಮವಾರ ಅದರ ಪ್ರೂಫ್ ಬಂತು. ಶನಿವಾರದೊಳಗೆ ಸೂಚಿ ಬೇಕು ಎಂದು ಪ್ರೆಸ್ಸಿನವರು ಚೀಟಿ ಅಂಟಿಸಿದ್ದರು.

ಪುಸ್ತಕದ ಜೀವ ಏಳನೆಯ ಅಧ್ಯಾಯ. ಕರೆದರೆ ಬೀದಿಯಲ್ಲಿ ನಾಲ್ಕು ಜನ ತಿರುಗಿ ನೋಡುವಂಥ ಹೆಸರಿನ ಒಬ್ಬ ಮನುಷ್ಯನ ಕಥೆ. ದೊಡ್ಡ ಜ್ವರ ಬಂದಾಗ ಊರನ್ನು ಉಳಿಸಿದ ವೈದ್ಯ ಅವನೇ, ನದಿಯನ್ನು ಮೂಲದಿಂದ ಅಳೆದು ಮೊದಲ ನಕ್ಷೆ ಮಾಡಿದವನು ಅವನೇ, ಜನ ಹೊಟ್ಟೆ ಹಿಡಿದುಕೊಂಡು ನಗುವಂಥ ಮೂರು ನಾಟಕ ಬರೆದವನೂ ಅವನೇ. ಆಸ್ಪತ್ರೆಯ ರಿಜಿಸ್ಟರಿನಲ್ಲಿ, ನಕ್ಷೆಯ ಮೂಲೆಯಲ್ಲಿ, ನಾಟಕದ ಹಸ್ತಪ್ರತಿಯಲ್ಲಿ ಒಂದೇ ಸಹಿ ನೋಡಿ ಅಣ್ಣನೇ ಇದನ್ನು ಕಂಡುಹಿಡಿದಿದ್ದ. ಅದಾಗಿ ನಲವತ್ತು ವರ್ಷ. ಅಂದಿನಿಂದ ಕರೆದ ಕಡೆಯೆಲ್ಲ ಹೋಗಿ ಇದೇ ಭಾಷಣ ಮಾಡಿದ್ದಾನೆ. ಮನುಷ್ಯನಿಗೆ ಒಂದೇ ಕಸುಬು ಸಾಲದು ಎಂದು ತಾನೂ ಬಡಗಿ ಕೆಲಸ ಕಲಿಯಲು ಹೋಗಿ ಒಂದು ಕುರ್ಚಿ ಮಾಡಿದ. ಅದರ ಮೇಲೆ ಬೆಕ್ಕು ಕೂಡ ಕೂರುವುದಿಲ್ಲ.

ಸೂಚಕ್ಕ ಕೆಲಸ ಮಾಡುವ ರೀತಿ ಹೀಗೆ. ಒಂದು ಹೆಸರಿಗೆ ಒಂದು ಕಾರ್ಡು. ಹೆಸರು ಬಂದಾಗಲೆಲ್ಲ ಪುಟದ ಸಂಖ್ಯೆ ಬರೆದು, ಆ ಮನುಷ್ಯ ಅಲ್ಲಿ ಏನು ಮಾಡುತ್ತಿದ್ದಾನೆ ಎಂದು ಪಕ್ಕದಲ್ಲಿ ನಾಲ್ಕು ಮಾತು. ಆ ನಾಲ್ಕು ಮಾತು ಅಚ್ಚಾಗುವುದಿಲ್ಲ, ಅವಳ ಅನುಕೂಲಕ್ಕೆ ಮಾತ್ರ. ಮಂಗಳವಾರ ಮಧ್ಯಾಹ್ನ ಕಿಟಕಿಯ ಬಳಿ ಕೂತು ಆ ದೊಡ್ಡ ಮನುಷ್ಯನ ಕಾರ್ಡನ್ನು ಸುಮ್ಮನೆ ಮೇಲಿನಿಂದ ಕೆಳಗೆ ಓದಿದಳು. ಪುಟ ಅರವತ್ತೊಂದು: ಜ್ವರದ ತಿಂಗಳು, ಹದಿನೆಂಟು ದಿನ ಆಸ್ಪತ್ರೆ ಬಿಟ್ಟು ಕದಲಿಲ್ಲ. ಪುಟ ನೂರ ಎಪ್ಪತ್ತನಾಲ್ಕು: ಅದೇ ತಿಂಗಳು, ನದಿಯ ಮೂಲದ ಹತ್ತಿರ ಗುಡಾರ.

ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಕನ್ನಡಕದ ತಪ್ಪಲ್ಲ. ಮತ್ತೆ ಮೇಲಿನಿಂದ ನೋಡಿದಳು. ಪುಟ ನೂರ ಹದಿನೆಂಟರಲ್ಲಿ ವೈದ್ಯನಿಗೆ ಕಣ್ಣು ಹೋಗಿದೆ, ಮಗಳು ಪತ್ರಿಕೆ ಓದಿ ಹೇಳುತ್ತಾಳೆ. ಪುಟ ಇನ್ನೂರ ಮೂವತ್ತೊಂದರಲ್ಲಿ, ಅದೇ ವರ್ಷ, ನಾಟಕಕಾರ ಕೆಂಪು ಪೆನ್ಸಿಲ್ ಹಿಡಿದು ತನ್ನ ನಾಟಕದ ಪ್ರೂಫ್ ತಾನೇ ತಿದ್ದುತ್ತಿದ್ದಾನೆ. ಪುಸ್ತಕದುದ್ದಕ್ಕೂ ಅಲ್ಲಲ್ಲಿ ಬರುವ ಅವನ ಮೂರು ಕಸುಬಿನ ಭಾಗಗಳನ್ನು ಅಣ್ಣ ಹತ್ತು ಹತ್ತು ವರ್ಷದ ಅಂತರದಲ್ಲಿ ಬರೆದವನು. ಎಲ್ಲವನ್ನೂ ಒಂದು ಅಂಗೈಯಗಲದ ಕಾರ್ಡಿನಲ್ಲಿ ಒಟ್ಟಿಗೆ ನೋಡುವ ಪ್ರಾಣಿ ಜಗತ್ತಿನಲ್ಲಿ ಒಂದೇ, ಸೂಚಿ ಮಾಡುವವಳು.

ಮೊದಲು ಅವಳಿಗೆ ಖುಷಿಯೇ ಆಯಿತು. ಸುಳ್ಳೇಕೆ ಹೇಳಬೇಕು, ಒಳಗೊಳಗೇ ಕುಣಿಯುವಷ್ಟು ಖುಷಿ. ಒಬ್ಬನಲ್ಲ, ಮೂವರು! ಒಂದೇ ಊರು, ಒಂದೇ ಕಾಲ, ಒಂದೇ ಹೆಸರು, ಮೂವರೂ ಹೆಸರುವಾಸಿ ಜನ. ಒಬ್ಬರಿಗೊಬ್ಬರು ಗೊತ್ತಿತ್ತೆ? ಒಬ್ಬನ ಕಾಗದ ಇನ್ನೊಬ್ಬನ ಮನೆಗೆ ಹೋಗುತ್ತಿತ್ತೆ? ತಲೆಗೆ ಹುಳ ಹೊಕ್ಕಿತು. ಆಮೇಲೆ ಅಣ್ಣನ ಮುಖ ನೆನಪಾಯಿತು.

ಬುಧವಾರ ಬೆಳಗ್ಗೆ ಅವಳು ದಾಖಲೆ ಕೋಣೆಗೆ ಹೋದಳು. ನದಿಯ ನಕ್ಷೆ ಇದ್ದ ಕಡೆ ಅಣ್ಣ ಎಷ್ಟೋ ಸಲ ಹೋಗಿದ್ದ. ಆದರೆ ನಕ್ಷೆ ಮಾಡುವವರು ದಿನದಿನದ ಅಳತೆ ಬರೆದಿಡುವ ಪುಸ್ತಕಗಳು ಇರುವುದು ಬೇರೆ ಕೋಣೆಯಲ್ಲಿ, ಸೇತುವೆ ಮತ್ತು ಚರಂಡಿಯ ಕಡತಗಳ ಜೊತೆ.

"ನಲವತ್ತು ವರ್ಷದಲ್ಲಿ ಇದನ್ನ ಕೇಳಿದೋರು ನೀವೇ ಮೊದಲು ನೋಡಿ," ಎಂದು ಗುಮಾಸ್ತ ಧೂಳು ಕೊಡವಿ, ಮೂರು ಸಲ ಸೀನಿ, ಪುಸ್ತಕ ಇಟ್ಟ. "ಚರಂಡಿ ಮೇಲೇನಾದ್ರೂ ಬರೀತಿದ್ದೀರಾ?"

"ಇಲ್ಲಪ್ಪ, ಒಬ್ಬರನ್ನ ಹುಡುಕ್ತಿದ್ದೀನಿ."

"ಇದರಲ್ಲಿ ಜನ ಎಲ್ಲಿ ಸಿಗ್ತಾರೆ? ಬರೀ ಅಡಿ, ಗಜ."

ಅವನು ಹೇಳಿದ್ದು ನಿಜ. ಪುಟದಿಂದ ಪುಟಕ್ಕೆ ನೀರಿನ ಅಗಲ, ದಡದ ಎತ್ತರ, ಬಂಡೆಯ ಗುರುತು. ಸೂಚಕ್ಕ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಹೋದಳು. ಜ್ವರದ ತಿಂಗಳಿನ ಒಂದು ಪುಟದಲ್ಲಿ ಅಂಕಿಗಳ ನಡುವೆ ನಾಲ್ಕು ಸಾಲು ಮಾತು ಸಿಕ್ಕಿತು. ನಕ್ಷೆಯ ಮೂಲೆಯ ಸಹಿಯದೇ ದುಂಡು ಅಕ್ಷರ. ಆ ಕಾಲದಲ್ಲಿ ಊರಿಗೆಲ್ಲ ಒಂದೇ ಶಾಲೆ, ಒಬ್ಬರೇ ಕಾಪಿ ತಿದ್ದಿಸುವ ಮೇಷ್ಟ್ರು, ಎಲ್ಲರ ಅಕ್ಷರವೂ ಹಾಗೇ.

"ಇಲ್ಲಿಯ ಜನ ನನ್ನ ಹೆಸರು ಕೇಳಿ ವೈದ್ಯರು ಬಂದರೆಂದು ತಿಳಿದು ಜ್ವರದ ಹೆಣ್ಣುಮಗುವೊಂದನ್ನು ತಂದರು. ನಾನು ಅವರಲ್ಲ ಎಂದೆ, ನಂಬಲಿಲ್ಲ. ತಾಯಿ ಕಾಲು ಹಿಡಿದಳು. ಅಳತೆಯ ಸರಪಳಿ ಹಿಡಿಯುವ ಆಳನ್ನು ಜೊತೆ ಮಾಡಿ, ಚೀಟಿ ಬರೆದು, ದೋಣಿಯಲ್ಲಿ ಅವರ ಬಳಿಗೇ ಕಳಿಸಿದೆ."

ಕೆಳಗಿನ ಸಾಲಿನಲ್ಲಿ ಮತ್ತೆ ನದಿಯ ಅಗಲ. ಸೂಚಕ್ಕ ಆ ನಾಲ್ಕು ಸಾಲನ್ನು ಅಕ್ಷರ ಬಿಡದೆ ಬರೆದುಕೊಂಡಳು.

ಗುರುವಾರ ಅಣ್ಣನ ಮನೆಗೆ ಹೋದವಳು ನೇರ ಅಡುಗೆಮನೆ ಹೊಕ್ಕಳು. ಅತ್ತಿಗೆ ಪಾತ್ರೆ ಒರೆಸುತ್ತಿದ್ದರು. ಇವಳು ಎಲ್ಲ ಹೇಳಿ ಮುಗಿಸುವವರೆಗೂ ಒಂದೇ ಲೋಟವನ್ನು ಒರೆಸುತ್ತಲೇ ಇದ್ದರು.

"ಸೂಚೀಲಿ ಮೂರು ಮಾಡಿ ಹಾಕಿಬಿಟ್ಟರೆ ಆಗಲ್ವೇನೇ?" ಎಂದರು ಕೊನೆಗೆ. "ಮುಂಚೆ ಹಾಗೆ ಮಾಡಿದ್ದೆಯಲ್ಲ."

"ಆಗ ಒಂದೆರಡು ಸಾಲು, ಅತ್ತಿಗೆ. ಈಗ ಇಡೀ ಅಧ್ಯಾಯ. ಒಳಗೆ ಒಬ್ಬ, ಹಿಂದುಗಡೆ ಮೂರು ಜನ ಅಂದ್ರೆ ಓದೋರು ನಗಲ್ವಾ?"

"ಆ ಅಧ್ಯಾಯ ಹೋದ್ರೆ ಅವರು ಹಾಸಿಗೆ ಹಿಡೀತಾರೆ, ನೋಡ್ಕೊ."

"ಹೇಳದೇ ಇದ್ರೆ?"

ಅತ್ತಿಗೆ ಲೋಟ ಇಟ್ಟರು. "ಹೇಳದೇ ಇದ್ರೆ ನೀನು ಹಾಸಿಗೆ ಹಿಡೀತೀಯ. ಹೋಗು, ಹೇಳು. ನಾನು ಇಲ್ಲೇ ಇರ್ತೀನಿ, ಕೂಗು."

ಅಣ್ಣ ಮುಂದಿನ ಕೋಣೆಯಲ್ಲಿ ಭೂತಗನ್ನಡಿ ಹಿಡಿದು ಏಳನೆಯ ಅಧ್ಯಾಯದ ಪ್ರೂಫನ್ನೇ ಓದುತ್ತಿದ್ದ. ಮುಖದಲ್ಲಿ ಮದುವೆಯ ಹಿಂದಿನ ದಿನದ ಕಳೆ. ಸೂಚಕ್ಕ ಪೀಠಿಕೆ ಹಾಕಲಿಲ್ಲ. ಪೀಠಿಕೆ ಹಾಕಿದರೆ ಅಲ್ಲೇ ನಿಂತುಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಕಾರ್ಡನ್ನು ಅವನ ಮುಂದಿಟ್ಟಳು. ಅವನು ಓದಿದ. ಇನ್ನೊಮ್ಮೆ ಓದಿದ. ಕಿವಿಯ ತುದಿ ಕೆಂಪಾಯಿತು.

"ನಿನಗೆ ಸೂಚಿ ಮಾಡು ಅಂತ ಕೊಟ್ಟಿದ್ದು, ಪುಟ್ಟಿ. ಚರಿತ್ರೆ ಬರಿ ಅಂತ ಅಲ್ಲ."

"ನಾನು ಬರೆದಿಲ್ಲಣ್ಣ. ನೀನೇ ಬರೆದಿರೋದು. ಎರಡೂ ಪುಟ ನಿಂದೇ."

"ತಿಂಗಳು ತಪ್ಪಾಗಿರಬೇಕು. ನಕ್ಷೆಯೋರು ಯಾವಾಗಲೋ ಬರೆದಿರ್ತಾರೆ."

"ನಿನ್ನ ನಾಲ್ಕನೇ ಪುಸ್ತಕದಲ್ಲೂ ಇಬ್ಬರನ್ನ ಒಬ್ಬನೇ ಮಾಡಿದ್ದೆ. ಹಾಡೋನು ಒಬ್ಬ, ಗಡಿಯಾರ ಮಾಡೋನು ಒಬ್ಬ. ನಾನು ಸೂಚೀಲಿ ಬೇರೆ ಮಾಡಿ ಹಾಕಿದೆ. ಹದಿನಾರು ವರ್ಷ ಆಯ್ತು, ನೀನು ನೋಡೇ ಇಲ್ಲ."

ಇದನ್ನು ಹೇಳಬೇಕೆಂದು ಅವಳು ಬಂದಿರಲಿಲ್ಲ. ಬಾಯಿ ಜಾರಿತು. ಅಣ್ಣ ಕಾರ್ಡನ್ನು ಅವಳ ಕಡೆಗೇ ತಳ್ಳಿದ. ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ನೋವಾಗಿದೆ ಎಂದು ಅವಳಿಗೆ ಕಂಡಿತು, ಅವಳಿಗೂ ನೋವಾಯಿತು. ಎದ್ದು ಹೋಗಿಬಿಡೋಣ ಅನ್ನಿಸಿತು. ಹೋಗದೆ, ದಾಖಲೆ ಕೋಣೆಯಲ್ಲಿ ಬರೆದುಕೊಂಡ ನಾಲ್ಕು ಸಾಲನ್ನು ಗಟ್ಟಿಯಾಗಿ ಓದಿದಳು. ತಾಯಿ ಕಾಲು ಹಿಡಿದಳು ಎಂಬುದನ್ನು ಎರಡು ಸಲ ಓದಿದಳು.

ಅಣ್ಣ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು, ಅತ್ತಿಗೆಯ ಕಿವಿ ಇತ್ತಲೇ ಇತ್ತೆಂದು ಬೇರೆ ಹೇಳಬೇಕಿಲ್ಲ.

"ಆಮೇಲೆ ಮಗು ಬದುಕಿತಾ?" ಎಂದ ಅಣ್ಣ.

"ಗೊತ್ತಿಲ್ಲ. ಅವರು ಮತ್ತೆ ಅದರ ಸುದ್ದಿ ಬರೆದಿಲ್ಲ."

"ಆಸ್ಪತ್ರೆಗೆ ಬಂದಿದ್ರೆ ರಿಜಿಸ್ಟರಿನಲ್ಲಿ ಇರಲೇಬೇಕು." ಅವನು ಆಗಲೇ ಎದ್ದಿದ್ದ. ಸಿಟ್ಟು ಕುರ್ಚಿಯಲ್ಲೇ ಉಳಿಯಿತು, ಮನುಷ್ಯ ಕಪಾಟಿನ ಹತ್ತಿರ ಹೋದ. ಇದು ಅವನ ಹುಟ್ಟುಗುಣ, ಒಂದು ಪ್ರಶ್ನೆ ಕಣ್ಣಿಗೆ ಬಿದ್ದರೆ ಮುಂದಿನದೆಲ್ಲ ಮರೆತುಹೋಗುತ್ತದೆ. ಕೆಳಗಿನ ಅರೆಯಿಂದ ಒಂದು ಹಳೇ ನೋಟ್‌ಬುಕ್ ಎಳೆದ. ಜ್ವರದ ತಿಂಗಳ ರಿಜಿಸ್ಟರನ್ನು ಅವನು ಮೂವತ್ತೊಂದನೆಯ ವಯಸ್ಸಿನಲ್ಲಿ ಸಾಲುಸಾಲಾಗಿ ನಕಲು ಮಾಡಿಕೊಂಡಿದ್ದ. ಮೂಲ ಆಮೇಲೆ ಗೆದ್ದಲು ಹಿಡಿದು ಹೋಗಿತ್ತು, ಉಳಿದದ್ದು ಇದೊಂದೇ.

ಭೂತಗನ್ನಡಿ ಸಾಲಿನಿಂದ ಸಾಲಿಗೆ ಇಳಿಯಿತು. ಸೂಚಕ್ಕ ಅವನ ಹೆಗಲ ಮೇಲಿನಿಂದ ಬಗ್ಗಿ ನೋಡಿದಳು. ಅಂಗಡಿಯವನು, ಅಗಸಗಿತ್ತಿ, ಇಬ್ಬರು ಅಣ್ಣತಮ್ಮಂದಿರು. ಮೂರನೆಯ ಪುಟದ ನಡುವಿನಲ್ಲಿ ಕನ್ನಡಿ ನಿಂತಿತು.

"ಹೆಣ್ಣುಮಗು, ಒಂದೂವರೆ ವರ್ಷ," ಎಂದು ಅಣ್ಣ ಓದಿದ. "ನದಿಯ ಮೇಲಿನ ಊರು. ದೋಣಿಯಲ್ಲಿ ತಂದದ್ದು. ಹದಿಮೂರನೇ ದಿನ ಗುಣವಾಗಿ ಮನೆಗೆ."

"ಬದುಕಿತು!" ಎಂದಳು ಸೂಚಕ್ಕ, ಅಣ್ಣನ ಹೆಗಲನ್ನೇ ಹಿಡಿದು ಅಲುಗಿಸಿ. ಯಾವ ಕಾಲದ ಮಗುವೋ, ಅದು ಈಗತಾನೇ ಪಕ್ಕದ ಕೋಣೆಯಲ್ಲಿ ಕಣ್ಣು ಬಿಟ್ಟಷ್ಟು ಸಮಾಧಾನ ಅವಳಿಗೆ.

ಅಣ್ಣ ಮಾತ್ರ ಮುಂದೆ ಓದಲಿಲ್ಲ. ಸಾಲಿನ ಕೊನೆಯಲ್ಲಿ ಇನ್ನೊಂದು ಅಂಕಣ ಇತ್ತು, ರೋಗಿಯನ್ನು ಕಳಿಸಿದವರು ಯಾರು ಎಂದು ಬರೆಯುವ ಅಂಕಣ. ಅಲ್ಲಿ ವೈದ್ಯ ತನ್ನ ಹೆಸರನ್ನೇ ಬರೆದಿದ್ದ. ಅದನ್ನು ನಕಲು ಮಾಡಿಕೊಂಡ ಯುವಕ ಮೇಷ್ಟ್ರು ಅದರ ಮೇಲೆ ನೇರವಾಗಿ ಗೆರೆ ಹೊಡೆದು, ಪಕ್ಕದಲ್ಲಿ ಚೊಕ್ಕ ಅಕ್ಷರದಲ್ಲಿ ಬರೆದಿದ್ದ: "ವೈದ್ಯರ ಕೈತಪ್ಪು. ಆಯಾಸದಿಂದ ತಮ್ಮ ಹೆಸರನ್ನೇ ಬರೆದುಕೊಂಡಿದ್ದಾರೆ."

"ಕೈತಪ್ಪಂತೆ," ಎಂದ ಅಣ್ಣ. "ಹದಿನೆಂಟು ದಿನ ನಿದ್ದೆಗೆಟ್ಟ ಮನುಷ್ಯ, ಸಾಯೋರ ಮಧ್ಯೆ ಕೂತು, ತನ್ನ ಹೆಸರಿನ ಇನ್ನೊಬ್ಬನಿಗೆ ಸಲ್ಲಬೇಕಾದ್ದನ್ನ ಮರೀದೆ ಬರೆದಿಟ್ಟಿದ್ದಾನೆ. ನಾನು ಫ್ಯಾನಿನ ಕೆಳಗೆ ಕೂತು ಹೊಡೆದುಹಾಕಿದೆ."

"ನೀನು ಆಗ ಹುಡುಗ, ಅಣ್ಣ."

"ಹುಡುಗ ಹೊಡೆದದ್ದನ್ನ ಮುದುಕ ನಲವತ್ತು ವರ್ಷ ಭಾಷಣ ಮಾಡಿದನಲ್ಲೇ." ಅವನ ಕಣ್ಣು ತುಂಬಿತ್ತು. ಮರೆಸಲು ಅವನು ಹೋಗಲಿಲ್ಲ. ಗೆರೆಯ ಮೇಲೆ ಹೆಬ್ಬೆರಳಿಟ್ಟು ಎರಡು ಸಲ ಉಜ್ಜಿದ, ಮಸಿಯ ಗೆರೆ ಅಳಿಸುವುದಿಲ್ಲವೆಂದು ಗೊತ್ತಿದ್ದೂ.

ಆಮೇಲೆ ಫೋನಿನ ಹತ್ತಿರ ಹೋಗಿ ಪ್ರೆಸ್ಸಿಗೆ ಮಾಡಿದ. ಸೂಚಕ್ಕ ಅವನ ಹಿಂದೆಯೇ ಹೋದಳು. ಪುಸ್ತಕವನ್ನೇ ಬೇಡ ಎಂದುಬಿಡುತ್ತಾನೋ ಏನೋ.

"ಏಳನೇ ಅಧ್ಯಾಯ ಅಚ್ಚಿಗೆ ಹಾಕಬೇಡಿ," ಎಂದ ಅವನು. "ಇಲ್ಲ ಇಲ್ಲ, ನಿಮ್ಮ ತಪ್ಪೇನಿಲ್ಲ. ಮೂರು ಜನರನ್ನ ನಾನು ಒಬ್ಬನೇ ಮಾಡಿ ಕೂರಿಸಿದ್ದೆ. ಹೊಸದಾಗಿ ಬರೀಬೇಕು... ಎಷ್ಟು ದಿನ ಅಂತ ಈಗಲೇ ಹೇಗೆ ಹೇಳಲಿ? ಯಾರು ಕಂಡುಹಿಡಿದ್ರು ಅಂದ್ರಾ? ನನ್ನ ತಂಗಿ. ಹ್ಞೂಂ, ನಿಮ್ಮ ಸೂಚಕ್ಕ. ಅಧ್ಯಾಯದ ಮೇಲೆ ಅವಳ ಹೆಸರೂ ಇರುತ್ತೆ, ಜಾಗ ಬಿಡಿ."

ಹನ್ನೊಂದು ಪುಸ್ತಕದ ಪ್ರತಿ ಹೆಸರನ್ನೂ ಎತ್ತಿ ಹಿಂದೆ ಜೋಡಿಸಿದವಳ ಹೆಸರು ಅದರಲ್ಲಿ ಯಾವುದರಲ್ಲೂ ಇರಲಿಲ್ಲ. ಬೇಕೆಂದು ಅವಳು ಕೇಳಿದವಳೂ ಅಲ್ಲ, ಬೇಡವೆಂದು ಅಂದುಕೊಂಡೇ ಕಾಲ ಕಳೆದವಳು. ಈಗ ಸೆರಗಿನಲ್ಲಿ ಮುಖ ಒತ್ತಿಕೊಂಡಳು. ಅತ್ತಿಗೆ ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದರು.

"ಅಳೋದೆಲ್ಲ ಆಮೇಲೆ ಪುಟ್ಟಿ," ಎಂದ ಅಣ್ಣ, ತನ್ನ ಮೂಗನ್ನೇ ಒರೆಸಿಕೊಳ್ಳುತ್ತ. "ವೈದ್ಯ ಸಿಕ್ಕ, ನಕ್ಷೆಯೋನು ಸಿಕ್ಕ. ಆ ನಾಟಕ ಬರೆದೋನು ಯಾರು, ಅದು ಹೇಳು."

"ಗೊತ್ತಿಲ್ಲ ಅಣ್ಣ."

"ನನಗೂ ಗೊತ್ತಿಲ್ಲ," ಎಂದ ಅವನು. ಆ ಮಾತು ಅವನ ಬಾಯಿಂದ ಬಂದದ್ದನ್ನು ಮದುವೆಯಾದ ಮೇಲೆ ಇದೇ ಮೊದಲು ಕೇಳುತ್ತಿದ್ದ ಅತ್ತಿಗೆ, ಹತ್ತಿರವಿದ್ದ ಕುರ್ಚಿಯ ಮೇಲೆ ಕೂತುಬಿಟ್ಟರು.