ಮೇಸ್ತ್ರಿಯ ಮಟ್ಟವೂ ಮಲಗಿದ ಬೇಟೆಗಾರನೂ

ಟೈಲ್ಸ್ ಮೇಸ್ತ್ರಿಗೆ ಜಂಬ ಅಂತ ಇದ್ದದ್ದು ಒಂದೇ ವಿಷಯದಲ್ಲಿ. ಅವನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಅದು ಇಟ್ಟಲ್ಲೇ ಇರುತ್ತಿತ್ತು. ಮೂವತ್ತು ವರ್ಷದಲ್ಲಿ ನೆಲ ವಾಲಿದೆ ಎಂದು ದೂರು ತಂದವರು ಒಬ್ಬರೂ ಇಲ್ಲ. ತಂದಿದ್ದರೆ, ವಾಲಿರುವುದು ನಿಮ್ಮ ಕಣ್ಣು ಎಂದು ಹೇಳಿ ಕಳಿಸಲು ಅವನು ತಯಾರಾಗಿಯೇ ಇದ್ದ. ಇಂಥವನ ನೆಮ್ಮದಿ ಕೆಟ್ಟದ್ದು ಒಂದು ಟೆಲಿಸ್ಕೋಪಿನಿಂದ.

ಕನ್ನಡಕದ ಅಂಗಡಿಯವರು ಮನೆ ಬದಲಿಸುವಾಗ, ‘ನನಗಿನ್ನು ಮಹಡಿ ಹತ್ತೋಕಾಗಲ್ಲ, ನೀವಾದ್ರೂ ನೋಡಿ’ ಎಂದು ಅದನ್ನು ಅವನ ಕೈಗಿಟ್ಟಿದ್ದರು. ಅದರ ಸ್ಟ್ಯಾಂಡಿನಲ್ಲಿ ಎರಡು ಮೋಟಾರು. ಒಂದು ಎಡಬಲಕ್ಕೆ ತಿರುಗಿಸುತ್ತದೆ, ಇನ್ನೊಂದು ಮೇಲೆ ಕೆಳಗೆ ಎತ್ತಿಳಿಸುತ್ತದೆ. ಯಾವ ನಕ್ಷತ್ರ ಬೇಕೆಂದು ಹೇಳಿದರೆ ಸಾಕು, ಅದರ ಬೆನ್ನು ಬಿಡದೆ ಹೋಗುತ್ತದೆ. ಮೇಸ್ತ್ರಿ ಅದಕ್ಕೊಂದು ಹಳೇ ಕ್ಯಾಮೆರಾ ಸಿಕ್ಕಿಸಿದ. ಆಕಾಶದ ಬೇಟೆಗಾರ, ಅಂದರೆ ಮಹಾವ್ಯಾಧ, ನೆತ್ತಿಯ ಹತ್ತಿರ ಬರುವವರೆಗೆ ಕಾದು, ಅವನ ಸೊಂಟದ ಕತ್ತಿಯಲ್ಲಿರುವ ನೀಹಾರಿಕೆಗೆ ಗುರಿಯಿಟ್ಟು, ಮೂವತ್ತು ಸೆಕೆಂಡು ಕ್ಯಾಮೆರಾದ ಕಣ್ಣು ತೆರೆದಿಟ್ಟ. ಚಿತ್ರದ ನಡುವೆ ಎಲ್ಲ ಚೆಂದ. ಅಂಚಿಗೆ ಹೋದಂತೆಲ್ಲ ನಕ್ಷತ್ರಗಳು ಚುಕ್ಕಿಯಾಗಿರದೆ ಬಾಗಿದ ಗೀರುಗಳಾಗಿದ್ದವು. ಯಾರೋ ಸೌಟು ಹಾಕಿ ಆಕಾಶವನ್ನು ಒಂದು ಸುತ್ತು ತಿರುವಿದ ಹಾಗೆ.

“ಮಟ್ಟ ಸರಿಯಿಲ್ಲ,” ಎಂದು ಮೇಸ್ತ್ರಿ ತೀರ್ಪು ಕೊಟ್ಟ. ಬೇರೇನಾದರೂ ಇರಬಹುದು ಎಂದು ಅವನಿಗೆ ಹೊಳೆಯುವುದಾದರೂ ಹೇಗೆ?

ತಾರಸಿಯ ನೆಲ ನೀರು ಹರಿದುಹೋಗಲೆಂದು ಸ್ವಲ್ಪ ಇಳಿಜಾರಾಗಿತ್ತು. ಸ್ಟ್ಯಾಂಡಿನ ಕಾಲುಗಳ ಕೆಳಗೆ ಟೈಲ್ಸ್ ಚೂರು ಕೊಟ್ಟ. ಗೀರು ಹೋಗಲಿಲ್ಲ. ಸಿಮೆಂಟಿನ ಕಟ್ಟೆಯನ್ನೇ ಕಟ್ಟಿ, ಒಂದು ವಾರ ನೀರುಣಿಸಿ, ಅದರ ಮೇಲೆ ತನ್ನ ರಸಮಟ್ಟ ಇಟ್ಟು ನೋಡಿದ. ಗಾಜಿನ ಕೊಳವೆಯೊಳಗಿನ ಗುಳ್ಳೆ ಅಲ್ಲಾಡದೆ ನಟ್ಟ ನಡುವೆ ನಿಂತಿತ್ತು. ಚಿತ್ರ ತೆಗೆದ. ಗೀರುಗಳೂ ಅಲ್ಲಾಡದೆ ಇದ್ದಲ್ಲೇ ಇದ್ದವು.

ಆಗ ಅವನ ಅನುಮಾನ ರಸಮಟ್ಟದ ಮೇಲೆ ತಿರುಗಿತು. ತನ್ನ ಕೈ ತಪ್ಪಿಲ್ಲ ಎಂದರೆ ರಸಮಟ್ಟವೇ ಸುಳ್ಳು ಹೇಳುತ್ತಿದೆ. ಈ ರಸಮಟ್ಟ ಹಿಡಿದುಕೊಂಡೇ ಅಲ್ಲವೇ ಇಷ್ಟೂ ವರ್ಷ ಮನೆ, ಕ್ಲಿನಿಕ್ಕು, ಅಂಗಡಿಗಳ ನೆಲ ಹಾಕಿದ್ದು? ಹಾಗಾದರೆ ಅವೆಲ್ಲವೂ ವಾಲಿವೆಯೇ?

ಹೊಸ ಗ್ರಂಥಾಲಯದ ದೊಡ್ಡ ಹಾಲಿನ ನೆಲ ಹಾಕಿಕೊಡಿ ಎಂದು ಇಂಜಿನಿಯರ್ ಮೇಡಂ ಅದೇ ವಾರ ಫೋನ್ ಮಾಡಿದ್ದರು. ಬೇರೆ ಸಮಯವಾಗಿದ್ದರೆ ಕುಣಿದಾಡುತ್ತಿದ್ದ. ಈಗ ‘ಯೋಚನೆ ಮಾಡಿ ಹೇಳ್ತೀನಿ’ ಎಂದ. “ಭಾನುವಾರದೊಳಗೆ ಹೇಳಿಬಿಡಿ, ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಕೋತೀನಿ,” ಎಂದರು ಅವರು.

ಮೇಸ್ತ್ರಿ ಜೇಬಿನಲ್ಲಿ ಒಂದು ಗೋಲಿ ಇಟ್ಟುಕೊಂಡು ಹಳೇ ಗಿರಾಕಿಗಳ ಮನೆ ಸುತ್ತತೊಡಗಿದ. ಕುಡಿಯಲು ನೀರು ಕೇಳುವುದು, ಅವರು ಒಳಗೆ ಹೋದ ತಕ್ಷಣ ನೆಲದ ಮೇಲೆ ಗೋಲಿ ಇಟ್ಟು ಉಸಿರು ಬಿಗಿಹಿಡಿದು ನೋಡುವುದು. ಮೂರು ದಿನದಲ್ಲಿ ಹನ್ನೊಂದು ಮನೆಯ ನೀರು ಕುಡಿದ. ನಿವೃತ್ತ ಹೆಡ್‌ಮಿಸ್ಸಿನ ಮನೆಯಲ್ಲಿ ಸಿಕ್ಕಿಬಿದ್ದ. ಅವರು ಲೋಟ ಹಿಡಿದು ಬಂದಾಗ ಮೇಸ್ತ್ರಿ ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿಕೊಂಡಿದ್ದ.

“ಏನ್ ಕಳ್ಕೊಂಡ್ರಿ ಮೇಸ್ತ್ರಿ?”

“ಏನಿಲ್ಲ ಮಿಸ್, ಗೋಲಿ...”

“ಈ ವಯಸ್ಸಲ್ಲಾ?”

ಗೋಲಿ ಎಲ್ಲಿಯೂ ಉರುಳಲಿಲ್ಲ. ಅಷ್ಟಕ್ಕೆ ಸಮಾಧಾನಪಡುವ ಜನ್ಮವೇ ಅದು? ಗೋಲಿ ಸರಿಯಾಗಿ ದುಂಡಗಿಲ್ಲದಿದ್ದರೆ ಎಂಬ ಹೊಸ ಹುಳು ತಲೆಗೆ ಹೊಕ್ಕಿತು.

ಮೇಸ್ತ್ರಿಯ ಹೆಂಡತಿಗೆ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕೆಲಸ. ದಿನವಿಡೀ ಜನರ ಕತ್ತು, ಸೊಂಟ ಸರಿ ಮಾಡಿ ಬರುವವಳಿಗೆ ಗಂಡನ ಸಪ್ಪೆ ಮುಖ ಸಾಕಾಗಿಹೋಗಿತ್ತು. ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ತಾರಸಿ ಹತ್ತಿ, ಅವನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು ಚಿತ್ರಗಳನ್ನೆಲ್ಲ ನೋಡಿದಳು. ಆಮೇಲೆ ಪೂರ್ವದ ಕಡೆ ನೋಡಿದಳು.

“ರೀ, ನಿಮ್ ಬೇಟೆಗಾರ ಈಗ ಹೆಂಗಿದಾನೆ?”

“ಹೆಂಗಿದಾನೆ ಅಂದ್ರೆ? ಮಲಗಿದಾನೆ.”

“ನೀವು ಫೋಟೋ ತೆಗೆಯೋದು ಯಾವಾಗ?”

“ಊಟ ಆದ್ಮೇಲೆ, ನೆತ್ತಿ ಹತ್ರ ಬಂದಾಗ. ಆಗ ನೆಟ್ಟಗೆ ನಿಂತಿರ್ತಾನೆ.”

“ಮುಳುಗೋವಾಗ ಆ ಕಡೆಗೆ ಮಲಗ್ತಾನೆ, ಹೌದಾ? ಮಲಗಿದ್ದೋನು ಎದ್ದು ನಿಲ್ಬೇಕಾದ್ರೆ ತಿರುಗ್ಬೇಕಲ್ಲ! ನಿಮ್ ಮಿಷನ್‌ಗೆ ಆ ಥರ ತಿರುಗೋಕೆ ಬರುತ್ತಾ? ನಮ್ ಕ್ಲಿನಿಕ್ಕಲ್ಲಿ ಕತ್ತಿಗೆ ಮೂರು ವ್ಯಾಯಾಮ ಹೇಳ್ಕೊಡ್ತೀವಿ. ಎಡಬಲ ತಿರುಗಿಸೋದು, ಮೇಲೆ ಕೆಳಗೆ ಮಾಡೋದು, ಕಿವೀನ ಭುಜಕ್ಕೆ ವಾಲಿಸೋದು. ಇದಕ್ಕೆ ಬರೋದು ಎರಡೇ. ಪಾಪ, ತಲೆ ವಾಲಿಸೋಕೇ ಬರಲ್ಲ. ನಿಮ್ ಥರಾನೇ.”

ಮೇಸ್ತ್ರಿ ಕೂಡಲೇ ಕನ್ನಡಕದ ಅಂಗಡಿಯವರಿಗೆ ಫೋನ್ ಹಚ್ಚಿದ.

“ಹೌದು ಮತ್ತೆ, ಈ ಸ್ಟ್ಯಾಂಡಿನ ಹುಟ್ಟುಗುಣಾನೇ ಅದು,” ಎಂದರು ಅವರು. “ಮಟ್ಟ ಎಷ್ಟು ಸರಿಯಿದ್ರೂ ಅಂಚು ತಿರುಗುತ್ತೆ. ನೆತ್ತಿ ಹತ್ರ ಅಂತೂ ಜಾಸ್ತಿ. ಪೂರ್ವದಲ್ಲೋ ಪಶ್ಚಿಮದಲ್ಲೋ ಇರೋವಾಗ, ಹತ್ತತ್ತೇ ಸೆಕೆಂಡಿನ ಫೋಟೋ ನೂರಾರು ತೆಗೀರಿ. ಒಂದರ ಮೇಲೊಂದು ತಿರುಗಿಸಿ ಕೂರಿಸೋಕೆ ಕಂಪ್ಯೂಟರ್ ಇದೆ. ಮೊದಲೇ ಕೇಳೋದಲ್ವಾ?”

ಕೇಳುವುದೆಂದರೆ ಮೇಸ್ತ್ರಿಗೆ ಮಟ್ಟ ತಪ್ಪಿದೆ ಎಂದು ಒಪ್ಪಿಕೊಂಡಂತೆ. ಅದಕ್ಕೇ ಕೇಳಿರಲಿಲ್ಲ.

ಮಲಗಿದ್ದ ಬೇಟೆಗಾರನನ್ನು ಮಲಗಿದ್ದ ಹಾಗೆಯೇ ಇನ್ನೂರು ಸಲ ಹಿಡಿದ. ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಅವನ್ನೆಲ್ಲ ಒಂದುಗೂಡಿಸಿ ಕೊಟ್ಟಾಗ, ರೆಕ್ಕೆ ಬಿಚ್ಚಿದ ಗುಲಾಬಿ ಬಣ್ಣದ ನೀಹಾರಿಕೆ, ಸುತ್ತ ಅಂಚಿನವರೆಗೂ ಚುಕ್ಕಿ ಚುಕ್ಕಿ ನಕ್ಷತ್ರ. ಮೇಸ್ತ್ರಿಗೆ ಕಣ್ಣು ತುಂಬಿತು. ನೀಹಾರಿಕೆಯ ಚೆಂದಕ್ಕಿಂತ ಹೆಚ್ಚಾಗಿ, ತನ್ನ ಮೂವತ್ತು ವರ್ಷ ತನಗೆ ವಾಪಸು ಸಿಕ್ಕ ಖುಷಿಗೆ.

“ನೋಡಿದ್ಯೇನೇ! ವಾಲಿರೋದು ಆಕಾಶ, ನಾನಲ್ಲ. ಇಲ್ಲೀತನಕ ನಂದು ಒಂದು ನೆಲಾನೂ ತಪ್ಪಿಲ್ಲ!”

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದಳು.

“ಯಾಕೆ, ಏನಾಯ್ತು?”

“ಊರವ್ರ ಮನೇಲೆಲ್ಲ ಗೋಲಿ ಆಡಿದ್ರಲ್ಲ, ನಮ್ ಅಡುಗೆಮನೇಲಿ ಒಂದ್ಸಲ ಇಟ್ಟು ನೋಡಿದ್ರಾ?”

ಮೇಸ್ತ್ರಿ ರಸಮಟ್ಟ ಹಿಡಿದು ಅಡುಗೆಮನೆಗೆ ಓಡಿದ. ಗುಳ್ಳೆ ಒಂದು ತುದಿಗೆ ಹೋಗಿ ಕೂತಿತು. ಎಷ್ಟು ಸಲ ಇಟ್ಟರೂ ಅಲ್ಲಿಗೇ ಹೋಗುತ್ತಿತ್ತು.

“ಇಪ್ಪತ್ತು ವರ್ಷದಿಂದ ಹಂಗೇ ಇದೆ,” ಎಂದಳು ಅವಳು ಬಾಗಿಲಲ್ಲಿ ನಿಂತು. “ಮಗಳು ಹುಟ್ಟಿದಾಗ ನಾನು ಆಸ್ಪತ್ರೇಲಿದ್ದೆ. ಮಗು ಬರೋದ್ರೊಳಗೆ ಮುಗೀಬೇಕು ಅಂತ ನಿದ್ದೆಗೆಟ್ಟು ಮೂರೇ ದಿನದಲ್ಲಿ ಹಾಕಿದ್ರಿ. ನೀರು ಚೆಲ್ಲಿದ್ರೆ ಮೋರಿ ಕಡೆ ಹೋಗಲ್ಲ, ನನ್ ಕಾಲ ಹತ್ರಾನೇ ಬರುತ್ತೆ. ಬಂದ ದಿನಾನೇ ನನಗೆ ಗೊತ್ತಾಯ್ತು.”

“ಹೇಳೋದಲ್ವೇನೇ!”

“ಹೇಳಿದ್ರೆ ಒಡೆದು ಹಾಕ್ತಿದ್ರಿ.”

“ಇವತ್ತೇ ಒಡೀತೀನಿ!”

“ಒಡೆದ್ರೆ ನೋಡಿ! ನೀವು ನಮಗೋಸ್ಕರ ಅಷ್ಟು ಅವಸರ ಪಟ್ಟಿದ್ದು ಈ ಜನ್ಮದಲ್ಲಿ ಅದೊಂದೇ ಸಲ. ಅದು ನಂದು. ಮುಟ್ಟಬೇಡಿ.”

ಅಷ್ಟರಲ್ಲಿ ಫೋನ್ ರಿಂಗಾಯಿತು. ಇಂಜಿನಿಯರ್ ಮೇಡಂ.

“ಬರ್ತೀನಿ ಮೇಡಂ, ನಾಳೆಯಿಂದಲೇ ಬರ್ತೀನಿ,” ಎಂದ.

“ಮಟ್ಟದ ಬಗ್ಗೆ ನಾನು ತಲೆ ಕೆಡಿಸ್ಕೋಬೇಕಾಗಿಲ್ಲ ತಾನೇ ಮೇಸ್ತ್ರಿ?”

ಮೇಸ್ತ್ರಿ ಹೆಂಡತಿಯ ಮುಖ ನೋಡಿದ.

“ಒಂದೇ ಒಂದ್ಸಲ ತಪ್ಪಿದೀನಿ ಮೇಡಂ,” ಎಂದ. “ಅದನ್ನ ಸರಿ ಮಾಡೋಕೆ ನಮ್ಮನೆಯವ್ರು ಬಿಡ್ತಿಲ್ಲ.”